ಗಿರಿಗೂ ಟ್ರ್ಯಾಕಿಗೂ ಒಂದೇ ಬ್ರೇಕ್ ಪ್ಯಾಡ್ ಆಗುತ್ತಾ?

ಪ್ರಶ್ನೆ: ನಾನಿರುವುದು ಚಿಕ್ಕಮಗಳೂರಿನಲ್ಲಿ. ಕಾರು ದಿನಾ ಕೆಲಸಕ್ಕೆ ಬೇಕು, ಭಾನುವಾರ ಮುಳ್ಳಯ್ಯನಗಿರಿ ಕಡೆ ಹೋಗುತ್ತೇನೆ. ವರ್ಷಕ್ಕೆ ಒಂದೆರಡು ಸಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಆಸೆ. ತೂತಿರುವ ಡಿಸ್ಕ್, ರೇಸ್ ಪ್ಯಾಡ್ ಹಾಕಿಸಿಬಿಟ್ಟರೆ ಎಲ್ಲಕ್ಕೂ ಆಗುತ್ತಾ?

ಉತ್ತರ: ಆಗುವುದಿಲ್ಲ. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿದು ಕಾರು ನಿಲ್ಲಿಸುವುದೇ ಪ್ಯಾಡ್. ರೇಸ್ ಪ್ಯಾಡ್ ಹಿಡಿಯಬೇಕಾದರೆ ಮೊದಲು ಚೆನ್ನಾಗಿ ಬಿಸಿಯಾಗಬೇಕು. ಡಿಸೆಂಬರ್ ಬೆಳಿಗ್ಗೆ, ಮಂಜು. ಕಾರು ತೆಗೆದ ಮೊದಲ ತಿರುವಿನಲ್ಲೇ ಹಸು ಅಡ್ಡ ಬಂತು ಅಂದುಕೊಳ್ಳಿ. ಪ್ಯಾಡ್ ಇನ್ನೂ ತಣ್ಣಗಿರುತ್ತದೆ, ಎಷ್ಟು ಒತ್ತಿದರೂ ಕಾರು ಬೇಗ ನಿಲ್ಲುವುದಿಲ್ಲ. ಡಿಸ್ಕ್ ಕೂಡ ಜಾಸ್ತಿ ಸವೆಯುತ್ತದೆ. ಮಾಮೂಲಿ ಪ್ಯಾಡ್ ಇದಕ್ಕೆ ಉಲ್ಟಾ: ತಣ್ಣಗಿದ್ದಾಗಲೇ ಹಿಡಿಯುತ್ತದೆ, ಟ್ರ್ಯಾಕಿನ ಕಾವಿಗೆ ಸೋಲುತ್ತದೆ.

ಹಾಗಂತ ಗಿರಿ ಇಳಿಯುವುದು ಸಣ್ಣ ಕೆಲಸ ಅಲ್ಲ. ಮುಳ್ಳಯ್ಯನಗಿರಿ 1,930 ಮೀಟರ್, ನಮ್ಮ ಪೇಟೆ ಸುಮಾರು 1,090. 1,200 ಕೆಜಿ ಕಾರು ಅಷ್ಟನ್ನೂ ಬರೀ ಬ್ರೇಕ್ ಹಿಡಿದೇ ಇಳಿದರೆ, 100 ಕಿ.ಮೀ. ವೇಗದಿಂದ ಸುಮಾರು 20 ಸಲ ನಿಲ್ಲಿಸಿದಷ್ಟು ಕಾವು ಹುಟ್ಟುತ್ತದೆ. ಗಿರಿ ದಾರಿಯ ಕೈಮರದ ಹತ್ತಿರ ಸುಟ್ಟ ವಾಸನೆ ಬರುತ್ತಾ ನಿಂತ ಕಾರುಗಳನ್ನು ನೀವೂ ನೋಡಿರುತ್ತೀರಿ, ಅಲ್ವಾ? ಒಮ್ಮೆ ಅಲ್ಲೊಬ್ಬರು ಕಾದ ಡಿಸ್ಕಿಗೆ ಬಾಟಲಿ ನೀರು ಸುರಿಯಲು ಹೊರಟಿದ್ದರು. ಓಡಿಹೋಗಿ ತಡೆದೆ. ಡಿಸ್ಕ್ ಬಿರುಕು ಬಿಟ್ಟರೆ ಗತಿ ಏನು? ಇದಕ್ಕೆ ರೇಸ್ ಪ್ಯಾಡ್ ಮದ್ದಲ್ಲ. ಎರಡನೇ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಮೇಲೆ ಸುಮ್ನೆ ಕಾಲಿಟ್ಟುಕೊಂಡೇ ಬರಬೇಡಿ.

ತೂತಿನ ಡಿಸ್ಕ್ ನೋಡಲು ಚೆಂದ, ಅಷ್ಟೇ. ಟ್ರ್ಯಾಕಿನ ಕಾವಿಗೆ ಬಿರುಕು ಶುರುವಾಗುವುದೇ ಆ ತೂತಿನ ಅಂಚಿನಲ್ಲಿ. ಮುಂದಿನ ಚಕ್ರಗಳಿಗೆ ನಡುವೆ ಗಾಳಿ ಹಾಯುವ ಸಾದಾ ಡಿಸ್ಕ್ ಸಾಕು. ಅದರ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತದೆ, ಹೊರಡುವ ಮುಂಚೆ ಅಳತೆ ಮಾಡಿಸಿ.

ನನ್ನ ಕೇಳಿದರೆ, ಮೊದಲ ದುಡ್ಡು ಬ್ರೇಕ್ ಆಯಿಲಿಗೆ ಹಾಕಿ. ಪೆಡಲ್ ಒತ್ತಿದ ಬಲವನ್ನು ಪ್ಯಾಡಿಗೆ ಮುಟ್ಟಿಸುವುದು ಅದೇ. ಅದು ಗಾಳಿಯ ತೇವ ಹೀರುತ್ತದೆ, ನಮ್ಮದೋ ಮಳೆಯ ಸೀಮೆ. ಡಾಟ್ 4 ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬ ನಿಯಮ ಇದೆ. ತೇವ ಸೇರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಕುದ್ದರೆ ಒಳಗೆ ಆವಿ ಗುಳ್ಳೆ ಕಟ್ಟಿ, ಪೆಡಲ್ ಮೆತ್ತಗೆ ಕೆಳಗಿಳಿದುಬಿಡುತ್ತದೆ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಸೋತಿರುವುದು ಪ್ಯಾಡ್. ಈ ವ್ಯತ್ಯಾಸ ಕಾಲಿಗೆ ಗೊತ್ತಿರಬೇಕು. ಎರಡು ವರ್ಷಕ್ಕೊಮ್ಮೆ, ಟ್ರ್ಯಾಕಿಗೆ ಹೊರಡುವ ಮುಂಚೆ ತಪ್ಪದೇ, ಆಯಿಲ್ ಬದಲಿಸಿ.

ಟ್ರ್ಯಾಕ್ ಪ್ಯಾಡ್ ಬೇರೆ ಸೆಟ್ ಇಟ್ಟುಕೊಳ್ಳಿ. ಅಲ್ಲೇ ಹಾಕಿ, ವಾಪಸ್ ಹೊರಡುವ ಮುಂಚೆ ಅಲ್ಲೇ ಬಿಚ್ಚಿ. ಬದಲಿಸಿದ ಮೇಲೆ ಪೆಡಲ್ ಮೊದಲು ತಳಕ್ಕೇ ಹೋಗುತ್ತದೆ. ಕಾರು ಕದಲಿಸುವ ಮುಂಚೆ, ಅದು ಗಟ್ಟಿಯಾಗುವ ತನಕ ನಾಲ್ಕಾರು ಸಲ ಒತ್ತಿ ನೋಡಿ.