ಎಪಾಕ್ಸಿ ಎಷ್ಟು ಬಿಸಿ ತಡೆಯುತ್ತದೆ? ಆ ಲೆಕ್ಕ ಬೆಳೆದ ಬಗೆ

ಕೊಡಗಿನ ಹೋಂಸ್ಟೇಯೊಂದರಲ್ಲಿ ಸಿಲ್ವರ್ ಓಕ್ ಹಲಗೆಗೆ ಎಪಾಕ್ಸಿ (ಹಾರ್ಡನರ್ ಎಂಬ ಇನ್ನೊಂದು ದ್ರವ ಬೆರೆಸಿದಾಗ ಗಟ್ಟಿಯಾಗುವ ರಾಳ) ಸುರಿದು ಮಾಡಿದ ಟೇಬಲ್ ಇದೆ ಎನ್ನಿ. ಬಿಸಿ ಕಾಫಿ ಪಾತ್ರೆ ಇಟ್ಟಲ್ಲಿ ಬಳೆಯಂಥ ಕಲೆ ಬೀಳುತ್ತದೆ. ರಾಳ ಸುಟ್ಟಿಲ್ಲ, ಮೆತ್ತಗಾಗಿದೆ. ಒಲೆಗಿಡದೆ ಗಟ್ಟಿಯಾದ ಸಾಮಾನ್ಯ ಎಪಾಕ್ಸಿ 50–60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಬಿಗಿ ಕಳೆದುಕೊಳ್ಳುತ್ತದೆ. ಅಣುಗಳ ಕೊಂಡಿಗಳು ಕಡಿದು ತೂಕ ಗಣನೀಯವಾಗಿ ಇಳಿಯುವುದು ಸಾಮಾನ್ಯವಾಗಿ 300 ದಾಟಿದ ಮೇಲೆ. ಡಬ್ಬಿಯ ಮೇಲಿನ ಒಂದು ಅಂಕಿ ಇವೆರಡರಲ್ಲಿ ಯಾವುದೆಂದು ಮೊದಲು ಕೇಳಬೇಕು.

ಬಿಸಿಗೂ ರಾಸಾಯನಿಕ ಕ್ರಿಯೆಯ ವೇಗಕ್ಕೂ ಇರುವ ನಂಟನ್ನು ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ 1889ರಲ್ಲೇ ಸೂತ್ರಕ್ಕೆ ಇಳಿಸಿದ್ದರು. ಎಪಾಕ್ಸಿ ಬಂದದ್ದು ಆಮೇಲೆ, ಸ್ವಿಟ್ಜರ್ಲೆಂಡಿನ ಕಾಸ್ಟಾನ್, ಅಮೆರಿಕದ ಗ್ರೀನ್‌ಲೀ ಅವರಿಂದ. 1957ರಲ್ಲಿ ಸಂಶೋಧಕ ಕಿಸಿಂಜರ್ ಸುಲಭದ ದಾರಿ ತೋರಿಸಿದರು: ಮಾದರಿಯನ್ನು ಬೇರೆ ಬೇರೆ ವೇಗದಲ್ಲಿ ಕಾಯಿಸಿ, ಕ್ರಿಯೆ ಅತಿ ಜೋರಾಗುವ ಉಷ್ಣತೆ ಎಷ್ಟು ಸರಿಯಿತೆಂದು ನೋಡಿ. ನಿಮಿಷಕ್ಕೆ 5 ಡಿಗ್ರಿಯಂತೆ ಕಾಯಿಸಿದಾಗ ಆ ಶಿಖರ 370ರಲ್ಲಿ, 20ರಂತೆ ಕಾಯಿಸಿದಾಗ 400ರಲ್ಲಿ ಬಂದರೆ, ಸಕ್ರಿಯಣ ಶಕ್ತಿ (ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ಹೊಸ್ತಿಲು) ಮೋಲ್‌ಗೆ ಸುಮಾರು 155 ಕಿಲೋಜೌಲ್. ಅದೇ 400ರ ಬದಲು 398 ಎಂದು ಓದಿದರೆ 167! ಎರಡು ಡಿಗ್ರಿಯ ತಪ್ಪಿಗೆ ಇಷ್ಟು ದಂಡ. ಹಾಗಾಗಿ ಎರಡು ವೇಗ ಸಾಲದು, ಮೂರರಿಂದ ಐದಾದರೂ ಬೇಕು.

ಹೈಬ್ರಿಡ್ ರಾಳದಲ್ಲಿ, ಅಂದರೆ ಬೇರೆ ವಸ್ತು ಬೆರೆಸಿದ ಎಪಾಕ್ಸಿಯಲ್ಲಿ, ಈ ದಾರಿಯೂ ಕುಂಟುತ್ತದೆ. ಕಾಫಿ ಹೊಟ್ಟಿನ ಪುಡಿ ಬೆರೆಸಿದರೆ ಅದರ ಹೆಮಿಸೆಲ್ಯುಲೋಸ್ (ಸಸ್ಯದ ನಾರಿನ ಒಂದು ಅಂಶ) 220ರ ಸುಮಾರಿಗೇ ಒಡೆಯತೊಡಗುತ್ತದೆ, ಎಪಾಕ್ಸಿಯ ಕೊಂಡಿಗಳು ಇನ್ನೂ ಕಡಿಯದಿರುವಾಗಲೇ. ಎರಡು ಕ್ರಿಯೆಗಳಿಗೆ ಒಂದೇ ಶಕ್ತಿ ಹೇಳುವುದು ಸುಳ್ಳು ಸರಾಸರಿ. ಫ್ರೀಡ್‌ಮನ್ (1964), ಒಜಾವಾ (1965), ಫ್ಲಿನ್ ಮತ್ತು ವಾಲ್ (1966) ತೂಕ ಶೇ. 10, 20, 30 ಹೀಗೆ ಹೋದ ಪ್ರತಿ ಹಂತಕ್ಕೂ ಶಕ್ತಿಯನ್ನು ಬೇರೆಯಾಗಿ ಕಟ್ಟಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹಂತ ಹಂತಕ್ಕೆ ಆ ಶಕ್ತಿ ಏರಿಳಿದರೆ ಒಳಗೆ ಒಂದಕ್ಕಿಂತ ಹೆಚ್ಚು ಕ್ರಿಯೆ ನಡೆದಿದೆ ಎಂದೇ ಅರ್ಥ.

ಕಕ್ಕಡ ತಿಂಗಳ ಮಳೆಯಲ್ಲಿ ಹೊಟ್ಟು ಗಾಳಿಯ ತೇವವನ್ನೆಲ್ಲ ಹೀರಿರುತ್ತದೆ. 105 ಡಿಗ್ರಿಯಲ್ಲಿ ತೂಕ ನಿಲ್ಲುವ ತನಕ ಒಣಗಿಸದೆ ಬೆರೆಸಿದರೆ, ರಾಳದಲ್ಲಿ ಗುಳ್ಳೆ ಏಳುತ್ತದೆ, ಕಾಯಿಸುತ್ತ ತೂಗುವ ಪರೀಕ್ಷೆಯಲ್ಲಿ ನೀರು ಹೋದದ್ದೇ ರಾಳ ಕೆಟ್ಟಂತೆ ಕಾಣುತ್ತದೆ. ಹಾರ್ಡನರ್ ಅಳತೆ ತಪ್ಪಿ ಮಿಕ್ಕಿದ್ದರೂ ಇದೇ ಮೋಸ. ಪ್ರತಿ ಸಲವೂ 5 ಮಿಲಿಗ್ರಾಂ ಆಸುಪಾಸಿನ ಒಂದೇ ತೂಕದ ಮಾದರಿ ಇಡಿ. ದಪ್ಪ ತುಂಡಿನ ಒಳಗೆ ಬಿಸಿ ತಡವಾಗಿ ಇಳಿಯುತ್ತದೆ. ನೈಟ್ರೋಜನ್‌ನಲ್ಲಿ ಕಾಯಿಸಿದಾಗ ಉಳಿಯುವ ಇದ್ದಿಲು ಗಾಳಿಯಲ್ಲಿ ಕಾಯಿಸಿದರೆ ಉರಿದುಹೋಗುವುದರಿಂದ ಎರಡರ ಅಂಕಿಗಳನ್ನು ಹೋಲಿಸಬೇಡಿ. ಉರಿಯದ ಸಿಲಿಕಾ ಪುಡಿ ಶೇ. 10 ಹಾಕಿ, ಕೊನೆಗೆ ಶೇ. 24 ಉಳಿದರೆ, ಇದ್ದಿಲಿನ ಲೆಕ್ಕಕ್ಕೆ ಸೇರುವುದು ಹೆಚ್ಚೆಂದರೆ 14.