ಮಳೆ ಬಂದಾಗ ಘಾಟಿ ರೋಡಲ್ಲಿ ಫೋರ್ ಹೈ ಹಾಕ್ಕೊಂಡೇ ಓಡಿಸಬಹುದಾ?

ವಿ-ಕ್ರಾಸ್, ಹೈಲಕ್ಸ್ ತರದ ಫೋರ್ ವೀಲ್ ಡ್ರೈವ್ ಪಿಕಪ್ ತಗೊಂಡವರು ಮಳೆಗಾಲ ಶುರುವಾದ್ರೆ ಕೇಳೋದು ಇದನ್ನೇ, ಚಾರ್ಮಾಡಿ ಹತ್ತುವಾಗ ರೋಡ್ ಪೂರ್ತಿ ಒದ್ದೆ, ಫೋರ್ ಹೈ (ಎಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗೋ ಮೋಡ್) ಹಾಕಿಬಿಟ್ರೆ ಗ್ರಿಪ್ ಜಾಸ್ತಿ ಸಿಗಲ್ವಾ ಅಂತ. ಟಾರ್ ರೋಡಲ್ಲಿ ಬೇಡ. ಬರೀ ಒದ್ದೆಯಾಗಿರೋ ಟಾರಲ್ಲೂ ಬೇಡ.

ಯಾಕೆ ಅಂದ್ರೆ ಈ ಗಾಡಿಗಳಲ್ಲಿರೋದು ಪಾರ್ಟ್ ಟೈಮ್ ಸಿಸ್ಟಂ (ಬೇಕಾದಾಗ ಮಾತ್ರ ಫೋರ್ ವೀಲ್ ಹಾಕೋದು), ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ ನಡುವೆ ಡಿಫರೆನ್ಷಿಯಲ್, ಅಂದ್ರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರ್ ವ್ಯವಸ್ಥೆ ಇಲ್ಲ, ಫೋರ್ ಹೈ ಹಾಕಿದ ತಕ್ಷಣ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನ ಮುಂದಕ್ಕೂ ಹಿಂದಕ್ಕೂ ಹಂಚೋ ಗೇರ್ ಪೆಟ್ಟಿಗೆ) ಎರಡೂ ಆಕ್ಸಲ್ಲಿಗೆ ಹೋಗೋ ಪ್ರೊಪೆಲ್ಲರ್ ಶಾಫ್ಟನ್ನ ಒಟ್ಟಿಗೆ ಲಾಕ್ ಮಾಡುತ್ತೆ. ತಿರುವಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ದೊಡ್ಡ ಸುತ್ತು ಹಾಕ್ಬೇಕು. ಹೈಲಕ್ಸ್ ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್ ನಡುವಿನ ದೂರ) 3085 ಮಿಮೀ, ಹಿಂದಿನ ಆಕ್ಸಲ್ 6 ಮೀಟರ್ ತ್ರಿಜ್ಯದಲ್ಲಿ ತಿರುಗಿದ್ರೆ ಮುಂದಿನದು ಸುಮಾರು 6.7 ಮೀಟರಲ್ಲಿ ತಿರುಗುತ್ತೆ, ಅಂದ್ರೆ ಒಂದೇ ಒಂದು ಪೂರ್ತಿ ಹೇರ್‌ಪಿನ್ನಲ್ಲಿ ಎರಡು ಮೀಟರಿಗೂ ಜಾಸ್ತಿ ವ್ಯತ್ಯಾಸ! ಕೆಸರಲ್ಲಾದ್ರೆ ಟೈರ್ ಸ್ವಲ್ಪ ಜಾರಿ ಲೆಕ್ಕ ಸರಿ ಮಾಡ್ಕೊಳ್ಳುತ್ತೆ, ಟಾರಲ್ಲಿ ಜಾರೋಕೆ ಆಗಲ್ಲ, ಆ ಒತ್ತಡವೆಲ್ಲ ಶಾಫ್ಟು, ಗೇರು, ಟೈರಿಗೇ ಬೀಳುತ್ತೆ. ಸ್ಟೇರಿಂಗ್ ಗಟ್ಟಿಯಾಗೋದು, ಗಾಡಿ ಹಿಡ್ಕೊಂಡಂಗೆ ಎಳೆಯೋದು ಇದರಿಂದಾನೇ.

ಇನ್ನೊಂದು, ಬ್ರೇಕ್ ಟೂ ಹೈನಲ್ಲೂ (ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗೋ ಮಾಮೂಲಿ ಮೋಡ್) ನಾಲ್ಕೂ ಚಕ್ರಕ್ಕೆ ಇದ್ದೇ ಇರುತ್ತೆ, ಹಾಗಾಗಿ ಇಳಿಜಾರಲ್ಲಿ ಫೋರ್ ಹೈ ಇದೆ ಅಂತ ಬೇಗ ನಿಲ್ಲಲ್ಲ. ದಯವಿಟ್ಟು ಆ ಧೈರ್ಯದಲ್ಲಿ ಸ್ಪೀಡ್ ಏರಿಸ್ಬೇಡಿ. ಮಳೇಲಿ ಹಿಂಭಾಗ ಜಾರ್ತಿದೆ ಅನ್ಸೋದು ಹೆಚ್ಚಾಗಿ ಲೋಡ್ ಇಲ್ಲದಾಗ, ಖಾಲಿ ಪಿಕಪ್ಪಿನ ಹಿಂದೆ ತೂಕವೇ ಇರಲ್ಲ, ಅದಕ್ಕೆ ಮದ್ದು ಒಳ್ಳೆ ಟೈರು ಮತ್ತೆ ತಿರುವಲ್ಲಿ ಆಕ್ಸಿಲರೇಟರ್ ಮೇಲೆ ಹಗುರವಾದ ಕಾಲು.

ಹಾಕ್ಬೇಕಾದ್ದು ಯಾವಾಗ? ಧರೆ ಕುಸಿದು ಮಣ್ಣು ರೋಡ್ ಮೇಲೆ ಹರಡಿದ್ರೆ, ಕಾಫಿ ತೋಟದ ಕೆಂಪು ಮಣ್ಣಿನ ದಾರಿಗೆ ಇಳಿಯೋ ಮುಂಚೆ. ಮುಂಚೆ ಅನ್ನೋದೇ ಮುಖ್ಯ, ಹೂತುಕೊಂಡು ಹಿಂದಿನ ಚಕ್ರ ಗರಗರ ತಿರುಗ್ತಿರುವಾಗ ನಾಬ್ ತಿರುಗಿಸಬೇಡಿ, ಗೇರ್ ಹಲ್ಲುಗಳಿಗೆ ಪೆಟ್ಟು. ಫೋರ್ ಹೈಗೆ ಗಾಡಿ ನಿಲ್ಲಿಸೋದೇ ಬೇಡ, ಸ್ಟೇರಿಂಗ್ ನೇರ ಇಟ್ಟು ಮ್ಯಾನುಯಲ್ಲಲ್ಲಿ ಹೇಳಿರೋ ಸ್ಪೀಡಿನ ಒಳಗೆ ಹಾಕಿ. ಫೋರ್ ಲೋಗೆ (ನಾಲ್ಕೂ ಚಕ್ರಕ್ಕೆ ನಿಧಾನ, ಜಾಸ್ತಿ ಬಲ ಕೊಡೋ ಮೋಡ್) ಮಾತ್ರ ಪೂರ್ತಿ ನಿಂತು ನ್ಯೂಟ್ರಲ್ ಮಾಡ್ಲೇಬೇಕು, ತೋಟದ ಕಡಿದಾದ ಇಳಿಜಾರಲ್ಲಿ ಫೋರ್ ಲೋ, ಫಸ್ಟ್ ಗೇರ್ ಹಾಕಿ ಬಿಟ್ರೆ ಎಂಜಿನ್ನೇ ಗಾಡೀನ ಹಿಡ್ಕೊಂಡು ಇಳಿಸುತ್ತೆ, ಬ್ರೇಕ್ ಒತ್ತಿ ಜಾರೋ ಭಯ ತುಂಬಾ ಕಮ್ಮಿ.

ವಾಪಸ್ ಟಾರಿಗೆ ಬಂದಮೇಲೆ ಟೂ ಹೈಗೆ ಹಾಕಿದ್ರೂ ಡ್ಯಾಶ್‌ಬೋರ್ಡಿನ ಫೋರ್ ವೀಲ್ ಲೈಟ್ ಮಿನುಗ್ತಾನೇ ಇದ್ರೆ ಗಾಬರಿ ಬೇಡ, ಒಳಗೆ ಒತ್ತಡ ಇನ್ನೂ ಉಳಿದಿರುತ್ತೆ ಅಷ್ಟೇ, ನೇರವಾಗಿ ಸ್ವಲ್ಪ ದೂರ ಓಡಿಸಿ, ಆಗ್ಲೂ ಬಿಡದಿದ್ರೆ ನಾಲ್ಕು ಮಾರು ರಿವರ್ಸ್ ತಗೊಳ್ಳಿ, ಸಾಮಾನ್ಯವಾಗಿ ಬಿಟ್ಕೊಳ್ಳುತ್ತೆ.