ಅಲಾಸ್ಕಾದ ಬೂದಿ, ರೋಮಿನ ಹಸಿವು

ಗ್ರೀನ್‌ಲ್ಯಾಂಡಿನಲ್ಲಿ ಈ ವರ್ಷ ಬಿದ್ದ ಹಿಮ ಹೋದ ವರ್ಷದ ಹಿಮದ ಮೇಲೆ ಕೂರುತ್ತದೆ. ಹೀಗೆ ಸಾವಿರಾರು ವರ್ಷಗಳ ಪದರಗಳು. ಬೋರ್‌ವೆಲ್ ಕೊರೆದ ಹಾಗೆ ಅದನ್ನು ಕೊರೆದರೆ ಉದ್ದನೆಯ ಐಸ್ ಕಂಬ ಸಿಗುತ್ತದೆ. ಅದರಲ್ಲಿ ಕ್ರಿ.ಪೂ. 43ರ ಪದರದ ಹತ್ತಿರ ಗಂಧಕದ ಅಂಶ ದಿಢೀರ್ ಅಂತ ಜಾಸ್ತಿಯಾಗಿದೆ, ಜೊತೆಗೆ ಬರಿಗಣ್ಣಿಗೆ ಕಾಣದ ಗಾಜಿನ ಚೂರುಗಳೂ ಇವೆ. ಜ್ವಾಲಾಮುಖಿಯ ಬೂದಿ ಅದು. ಬೂದಿಯ ರಾಸಾಯನಿಕ ಗುಣ ನಮ್ಮ ಬೆರಳಚ್ಚಿದ್ದ ಹಾಗೆ, ಎಲ್ಲಿಂದ ಬಂತು ಅಂತ ಹೇಳಿಬಿಡುತ್ತದೆ. ಈ ಚೂರುಗಳು ತಾಳೆಯಾಗಿದ್ದು ಅಲಾಸ್ಕಾದ ಒಕ್ಮೋಕ್ ಜ್ವಾಲಾಮುಖಿಯ ಜೊತೆ. 2020ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ರೋಮನ್ನು ಆಳುತ್ತಿದ್ದ ಜೂಲಿಯಸ್ ಸೀಸರನನ್ನು ಇರಿದು ಕೊಂದಿದ್ದು ಕ್ರಿ.ಪೂ. 44ರ ಮಾರ್ಚ್ 15ರಂದು. ಅದಾಗಿ ಒಂದು ವರ್ಷ ತುಂಬುವ ಹೊತ್ತಿಗೆ, ಅಷ್ಟು ದೂರದಲ್ಲಿ ಒಕ್ಮೋಕ್ ಸಿಡಿಯಿತು. ಗಂಧಕದ ಅನಿಲ ಮೇಲಕ್ಕೇರಿ ಸಣ್ಣ ಹನಿಗಳಾಗಿ ಸೂರ್ಯನ ಬೆಳಕಿಗೆ ಅಡ್ಡ ನಿಂತಿತು. ಆಮೇಲಿನ ಎರಡು ವರ್ಷಗಳು ಕಳೆದ 2500 ವರ್ಷಗಳಲ್ಲೇ ತೀರಾ ತಣ್ಣಗಿದ್ದ ವರ್ಷಗಳ ಸಾಲಿಗೆ ಸೇರುತ್ತವೆ. ಈಜಿಪ್ಟಿನಲ್ಲಿ ಹೊಲಗಳಿಗೆ ನೀರುಣಿಸುವ ನೈಲ್ ನದಿ ಉಕ್ಕಲಿಲ್ಲ. ಸೀಸರನ ನಂತರದ ಅಂತರ್ಯುದ್ಧದಲ್ಲಿ ಸೋತು ಆಲ್ಪ್ಸ್ ದಾಟುತ್ತಿದ್ದ ಅವನ ಸೇನಾಪತಿ ಮಾರ್ಕ್ ಆಂಟನಿಯ ಸೈನಿಕರು ಗೆಡ್ಡೆ, ಮರದ ತೊಗಟೆ ತಿಂದರು ಅಂತ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ.

ಹಾಗಂತ ರಾಜನಿಲ್ಲದೆ, ಚುನಾಯಿತ ಅಧಿಕಾರಿಗಳೂ ಸೆನೆಟ್ ಅನ್ನೋ ಹಿರಿಯರ ಸಭೆಯೂ ನಡೆಸುತ್ತಿದ್ದ ರೋಮಿನ ಗಣರಾಜ್ಯವನ್ನು ಜ್ವಾಲಾಮುಖಿಯೇ ಮುಗಿಸಿತು ಅಂದರೆ ನಾನು ಒಪ್ಪುವುದಿಲ್ಲ. ಕಾಯಿಲೆ ಹಳೆಯದು. ಸೇವೆ ಮುಗಿದ ಮೇಲೆ ಜಮೀನು ಕೊಡಿಸುವವನು ಸೇನಾಪತಿಯೇ ಹೊರತು ಸೆನೆಟ್ ಅಲ್ಲ ಅನ್ನೋದು ಸೈನಿಕರಿಗೆ ಗೊತ್ತಿತ್ತು, ಹಾಗಾಗಿಯೇ ಕ್ರಿ.ಪೂ. 88ರಲ್ಲಿ ಸೇನಾಪತಿ ಸುಲ್ಲಾ ಕರೆದಾಗ ಅವರು ತಮ್ಮದೇ ರಾಜಧಾನಿಯ ಮೇಲೆ ನುಗ್ಗಿದರು. 49ರಲ್ಲಿ ಸೀಸರ್ ಇಟಲಿಯ ಗಡಿಯಾಗಿದ್ದ ರುಬಿಕಾನ್ ನದಿಯನ್ನು ಸೈನ್ಯದೊಂದಿಗೆ ದಾಟಿದ್ದೂ ಇಂಥ ಸೈನಿಕರನ್ನು ನಂಬಿಯೇ.

ಹಸಿವಿನಲ್ಲೂ ಮನುಷ್ಯರ ಕೈ ಇತ್ತು. ಸಿಸಿಲಿ ದ್ವೀಪವನ್ನು ಹಿಡಿದು ಕೂತಿದ್ದ ಸೆಕ್ಸ್ಟಸ್ ಪಾಂಪೆ (ಸೀಸರನ ಹಳೆಯ ಎದುರಾಳಿ ಪಾಂಪೆಯ ಮಗ) ರೋಮಿಗೆ ಬರುವ ಧಾನ್ಯದ ಹಡಗುಗಳನ್ನು ತಡೆದ. ಕ್ರಿ.ಪೂ. 40ರ ಸುಮಾರಿಗೆ ಹಸಿದ ಜನ ರೋಮಿನ ಮುಖ್ಯ ಚೌಕ ಫೋರಂನಲ್ಲಿ ಸೀಸರನ ದತ್ತುಮಗ ಆಕ್ಟೇವಿಯನ್‌ಗೆ ಕಲ್ಲು ಹೊಡೆದರು. ಆಂಟನಿ ಸೈನಿಕರನ್ನು ಕರೆತಂದು ಅವನನ್ನು ಬಿಡಿಸಿಕೊಂಡು ಹೋಗಬೇಕಾಯಿತು.

ಅದೇ ಆಕ್ಟೇವಿಯನ್ ಮುಂದೆ ಆಂಟನಿಯನ್ನೇ ಸೋಲಿಸಿದ, ಕ್ರಿ.ಪೂ. 30ರಲ್ಲಿ ಈಜಿಪ್ಟಿನ ಧಾನ್ಯವೆಲ್ಲ ಅವನ ಕೈಗೆ ಬಂತು, 27ರಲ್ಲಿ ಅಗಸ್ಟಸ್ ಅನ್ನೋ ಬಿರುದೂ ಸಿಕ್ಕಿತು. ವರ್ಷಕ್ಕೊಮ್ಮೆ ಆರಿಸುವ ಮುಖ್ಯ ಅಧಿಕಾರಿಗಳಾದ ಕಾನ್ಸುಲ್‌ಗಳು, ಸೆನೆಟ್, ಚುನಾವಣೆ ಎಲ್ಲ ಹೆಸರಿಗೆ ಹಾಗೇ ಇದ್ದವು. ನನ್ನನ್ನು ಹೆಚ್ಚು ಕಾಡುವುದು ಮಾತ್ರ ಕ್ರಿ.ಪೂ. 22. ಆ ವರ್ಷ ಟೈಬರ್ ನದಿ ಉಕ್ಕಿತು, ರೋಗ ಹಬ್ಬಿತು, ಊಟಕ್ಕೆ ಮತ್ತೆ ಕೊರತೆಯಾಯಿತು. ಅಗಸ್ಟಸ್ ಈ ವರ್ಷ ಕಾನ್ಸುಲ್ ಆಗಿಲ್ಲ, ಅದಕ್ಕೇ ಹೀಗಾಗಿದೆ ಅಂದುಕೊಂಡ ಜನ ಸೆನೆಟರ್‌ಗಳನ್ನು ಸಭಾಭವನದೊಳಗೆ ಕೂಡಿಹಾಕಿದರು. ಅವನನ್ನು ಸರ್ವಾಧಿಕಾರಿ ಮಾಡಿ, ಇಲ್ಲದಿದ್ದರೆ ಬೆಂಕಿ ಹಚ್ಚುತ್ತೇವೆ ಅಂದರು. ಹಿಂದೆ ಕಲ್ಲು ತಿಂದಿದ್ದವನ ಮುಂದೆ ಹೋಗಿ ಬೇಡಿಕೊಂಡರು.

ಅವನು ಮೈಮೇಲಿನ ಬಟ್ಟೆ ಹರಿದುಕೊಂಡು ಆ ಪದವಿ ಬೇಡ ಅಂದ. ಧಾನ್ಯದ ಹೊಣೆ ಮಾತ್ರ ತೆಗೆದುಕೊಂಡ. ಕೆಲವೇ ದಿನಗಳಲ್ಲಿ, ನನ್ನ ಸ್ವಂತ ಖರ್ಚಿನಲ್ಲಿ ಊರಿನವರ ಭಯ ನೀಗಿಸಿದೆ ಅಂತ ಆಮೇಲೆ ತಾನೇ ಬರೆದಿಟ್ಟ.